ಟವೆಲ್ಲಿನಡಿಯ ಜಾಗತಿಕ ಅರ್ಥವ್ಯವಸ್ಥೆ

ಜಗತ್ತಿನ ಅರ್ಥವ್ಯವಸ್ಥೆ ಬದಲಾಗುತ್ತಿದೆಯೆಂದು ದೊಡ್ಡವರು ಬಹಳ ದಿನಗಳಿಂದ ಹೇಳುತ್ತ ಬಂದಿದ್ದರು. ನಮ್ಮೂರು ಮೋರಖಂಡಿಯವರು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಬದಲಾವಣೆ ಬಂದರೆ ಬಸವಕಲ್ಯಾಣದವರೆಗೆ ಬಂದೀತು, ಅಲ್ಲಿಂದ ಮುಂದೆ ರಸ್ತೆ ಸರಿಯಿಲ್ಲ ಎಂಬ ಧೈರ್ಯ ನಮಗಿತ್ತು. ಆದರೆ ಹೋದ ವರ್ಷ ಮಳೆಗಾಲದ ಒಂದು ಭಾನುವಾರ ಅದು ಯಾರನ್ನೂ ಕೇಳದೆ ಸೀದಾ ತುಳಜಾರಾಮನ ಅಂಗಳಕ್ಕೆ ಬಂದು, ಅಲ್ಲಿ ಕಟ್ಟಿದ್ದ ಎಮ್ಮೆಗೇ ಕೈ ಹಾಕಿತು.

ತುಳಜಾರಾಮ ದನದ ದಲಾಲ. ಮೂವತ್ತು ವರ್ಷದಿಂದ ಹುಮನಾಬಾದ, ಬಸವಕಲ್ಯಾಣದ ಸಂತೆಗಳಲ್ಲಿ ಮಾರುವವನಿಗೂ ಕೊಳ್ಳುವವನಿಗೂ ನಡುವೆ ಅವನ ಕೈ ಇರುತ್ತಿತ್ತು. ನಮ್ಮ ಕಡೆ ದನದ ವ್ಯಾಪಾರ ಬಾಯಿಂದ ನಡೆಯುವುದಿಲ್ಲ. ಎರಡು ಕೈಗಳ ಮೇಲೆ ಒಂದು ಟವೆಲ್ ಮುಚ್ಚುತ್ತಾರೆ, ಒಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ದರ ಹೇಳುತ್ತಾರೆ. ಎಷ್ಟು ಬೆರಳು ಹಿಡಿದರೆ ಎಷ್ಟು, ಅಂಗೈ ಗೀರಿದರೆ ಎಷ್ಟು ಎಂಬುದಕ್ಕೆಲ್ಲ ಲೆಕ್ಕವಿದೆ. ಮೇಲೆ ಮುಖಗಳು ಮಾತ್ರ ಮಳೆ ಹೇಗಿದೆ, ಮಗಳ ಬಾಣಂತನ ಆಯಿತೇ ಎಂದು ಕೇಳಿಕೊಳ್ಳುತ್ತಿರುತ್ತವೆ. ಸುತ್ತ ನೂರು ಜನ ನಿಂತಿದ್ದರೂ ವ್ಯಾಪಾರ ಎಷ್ಟಕ್ಕೆ ಮುಗಿಯಿತೆಂದು ಯಾರಿಗೂ ತಿಳಿಯದು.

ಟವೆಲ್ ತೆಗೆದ ಮೇಲೆ ಮಾತು ತಿರುಗಿಸುವಂತಿಲ್ಲ. ಈ ನೇಮದಲ್ಲಿ ತುಳಜಾರಾಮ ಎಂಥ ಕಟ್ಟುನಿಟ್ಟಿನವನೆಂದರೆ, ಒಮ್ಮೆ ಬೇಮಳಖೇಡದ ಧನರಾಜನಿಗೆ ಟವೆಲ್ಲಿನೊಳಗೆ ಇರುವೆ ಕಚ್ಚಿ, ಅವನು ಬೆರಳು ಬಿಗಿಯಾಗಿ ಒತ್ತಿದ್ದನ್ನೂ ಒಪ್ಪಿಗೆಯೆಂದೇ ಹಿಡಿದು, ಬೇಡವಾದ ಕುಂಟ ಎತ್ತೊಂದನ್ನು ಅವನು ಊರತನಕ ಹೊಡೆದುಕೊಂಡು ಹೋಗುವಂತೆ ಮಾಡಿದ್ದ.

ಇತ್ತೀಚೆಗೆ ಮಾತ್ರ ಸಂತೆ ತೆಳುವಾಗುತ್ತ ಬಂದಿತ್ತು. ಜನ ಮೊಬೈಲಿನಲ್ಲೇ ದನ ನೋಡಿ ಮೊಬೈಲಿನಲ್ಲೇ ಕೊಳ್ಳುತ್ತಿದ್ದರು. ತುಳಜಾರಾಮ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹುಮನಾಬಾದಕ್ಕೆ ಹೋಗಿ, ಮೂರು ಕಪ್ ಚಹಾ ಕುಡಿದು, ಸಂಜೆ ಬಸ್ಸಿಗೆ ತಿರುಗಿ ಬಂದು ಹೆಂಡತಿಗೆ “ಇವತ್ತ ವ್ಯಾಪಾರ ಭಾಳ ಜೋರಿತ್ತು” ಎನ್ನುತ್ತಿದ್ದ. ಹೆಂಡತಿ ಕೇಶರಬಾಯಿ “ಹೌದೇನ್ರಿ” ಎಂದು ಊಟಕ್ಕೆ ಬಡಿಸುತ್ತಿದ್ದಳು. ಟವೆಲ್ ಒಗೆಯುವವಳು ಅವಳೇ. ವ್ಯಾಪಾರವಾದ ದಿನ ಅದು ಎಷ್ಟು ಕೊಳೆಯಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಕೇಶರಬಾಯಿಯ ತಮ್ಮ ಸತೀಶಕುಮಾರ ಬಸವಕಲ್ಯಾಣದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಾನೆ. ಭಾನುವಾರ ಅಕ್ಕನ ಮನೆಯ ಊಟ ಅವನಿಗೆ ಬೇಕೇ ಬೇಕು. ಉಂಡಷ್ಟು ಹೊತ್ತು ಜಗತ್ತನ್ನು ಬಿಡಿಸಿ ಹೇಳುವುದೂ ಬೇಕು. ಆ ದಿನ ಕೇಶರಬಾಯಿ ರೊಟ್ಟಿ ಬಡಿದಿಟ್ಟು ಮೇವು ತರಲು ಹೊಲಕ್ಕೆ ಹೋಗಿದ್ದಳು. ಹಾಗಾಗಿ ಜಗತ್ತೆಲ್ಲ ತುಳಜಾರಾಮನೊಬ್ಬನ ಮೇಲೆಯೇ ಬಿತ್ತು.

“ಭಾವಾ, ಇನ್ ನಡುವಿನ ಮಂದಿಗಿ ಜಾಗಾನೇ ಇಲ್ರಿ. ಬ್ರೆಜಿಲ್‌ದಾಂವ ಬೆಳದದ್ದು ಚೀನಾದಾಂವ ಸೀದಾ ತೊಗೊಳ್ಳಾಕತ್ತಾನ. ದರಾನೂ ಕೃತಕ ಬುದ್ಧಿಮತ್ತೀನೇ ಹೇಳ್ತದ. ದಲಾಲಿ ಅಂಬೋದು ಇತಿಹಾಸ ಆತು” ಎಂದ ಸತೀಶಕುಮಾರ, ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಳ್ಳುತ್ತ.

“ಇತಿಹಾಸ ಆತು ಅಂದ್ರ?”

“ಅಂದ್ರ, ಪರೀಕ್ಷಾದಾಗ ಎರಡು ಮಾರ್ಕಿನ ಪ್ರಶ್ನಿ.”

ತುಳಜಾರಾಮ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ಮೂವತ್ತು ವರ್ಷದ ಕಸುಬಿಗೆ ಎರಡೇ ಮಾರ್ಕು. “ಮೊಬೈಲಿಗಿ ಎಮ್ಮಿ ಹಲ್ಲು ಹಿಡದು ನೋಡ್ಲಿಕ್ಕ ಬರ್ತದೇನು?” ಎಂದು ಕೇಳಿದ.

“ಹಲ್ಲು ಯಾಕ ಬೇಕ್ರಿ, ಫೋಟೋ ಸಾಕು.” ಸತೀಶಕುಮಾರ ಕೈ ತೊಳೆದು ಬಂದು, ಭಾವನ ಮೊಬೈಲಿಗೆ ‘ದನದರ್ಬಾರ್’ ಎಂಬ ಆ್ಯಪ್ ಹಾಕಿದ. ತುಳಜಾರಾಮನನ್ನು ಕೊಟ್ಟಿಗೆಯ ಮುಂದೆ ಎಮ್ಮೆಯ ಪಕ್ಕ ನಿಲ್ಲಿಸಿ ಫೋಟೋ ತೆಗೆದ.

ಎಮ್ಮೆಯ ಹೆಸರು ಬಿಜಲಿ. ಪಂಢರಪುರಿ ತಳಿ, ಬೆನ್ನಿನವರೆಗೆ ಹೋದ ಕೊಂಬು. ಯಂತ್ರ ಒಂದು ಕ್ಷಣ ಯೋಚಿಸಿ ತೀರ್ಪು ಕೊಟ್ಟಿತು: “ಚಿತ್ರದಲ್ಲಿ ಎರಡು ಪಶುಗಳಿವೆ. ಬಲಗಡೆಯದು ಆರೋಗ್ಯವಾಗಿದೆ, ವಯಸ್ಸು ಮೂರು. ಎಡಗಡೆಯದಕ್ಕೆ ವಯಸ್ಸಾಗಿದೆ, ಮೈಯಲ್ಲಿ ಮಾಂಸವಿಲ್ಲ. ಪಶುವೈದ್ಯರಿಗೆ ತೋರಿಸಿ.”

ಎಡಗಡೆ ನಿಂತಿದ್ದವನು ತುಳಜಾರಾಮ. ಆದರೆ ಅವನಿಗೆ ತನ್ನ ಮಾಂಸದ ಚಿಂತೆಯಾಗಲಿಲ್ಲ. “ಬಿಜಲಿಗಿ ಮೂರು ವರ್ಷ ಅಂತ! ಎಂಟು ಮುಗದಾವು. ಇದ್ಯಾ ಕುರುಡು ದಲಾಲನ್ನ ಇಟ್ಟಾರ ನಿಮ್ಮವರು?” ಎಂದು ತೊಡೆ ತಟ್ಟಿ ನಕ್ಕ. ನಗುತ್ತಿರುವಾಗಲೇ ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು. ಹುಮನಾಬಾದದ ಶೀತಲ್ ಡೇರಿಯವರು ಎಮ್ಮೆಗೆ ಇಷ್ಟು ದರ ಕೊಡುತ್ತೇವೆ ಅನ್ನುತ್ತಿದ್ದಾರೆ, ಒಪ್ಪಿಗೆಯೇ ಎಂದು ಕೇಳುತ್ತಿತ್ತು. ಅಷ್ಟರಲ್ಲಿ ಸತೀಶಕುಮಾರನಿಗೆ ಪ್ರಿನ್ಸಿಪಾಲರ ಫೋನು ಬಂತು. ಅವನು ಮಾತಾಡುತ್ತ ಬೇವಿನ ಗಿಡದ ಕಡೆ ಹೋದ. ವಿದ್ವಾಂಸರು ಬೇಕಾದ ಹೊತ್ತಿಗೆ ಯಾವಾಗಲೂ ಬೇವಿನ ಗಿಡದ ಕಡೆಯೇ ಇರುತ್ತಾರೆ.

ಹಾಲಿಗೆಂದು ತಂಬಿಗೆ ಹಿಡಿದು ಬಂದ ಪಕ್ಕದ ಮನೆಯ ಹಜಿರಾ ಬೀ, ತುಳಜಾರಾಮನ ಹೆಗಲ ಮೇಲಿಂದ ಇಣುಕಿದಳು. “ಯಾ ಅಲ್ಲಾ, ಎಮ್ಮಿಗಿ ಇಷ್ಟೊಂದೇನ್ರಿ ಭೈಯಾ? ನಮ್ಮ ಆಟೋಕಿಂತ ಜಾಸ್ತಿ ಆತಲ್ಲ” ಎಂದು ಓಣಿಗೆ ಕೇಳಿಸುವಂತೆ ಹೇಳಿದಳು.

ತುಳಜಾರಾಮನ ಮೈಮೇಲೆ ಬಿಸಿನೀರು ಸುರಿದಂತಾಯಿತು. ದನದ ದರ ಬಯಲಿಗೆ ಬಿದ್ದಿತ್ತು, ಅದೂ ನೆರೆಮನೆಯವರ ಬಾಯಿಗೆ. ಅವನು ತಡಮಾಡದೆ ಹೆಗಲ ಟವೆಲ್ ತೆಗೆದು ಮೊಬೈಲಿನ ಮೇಲೆ ಮುಚ್ಚಿದ.

ತಪ್ಪಾದದ್ದು ಅಲ್ಲಿ. ಮುಚ್ಚುವುದಷ್ಟೇ ಅವನ ಉದ್ದೇಶ. ಆದರೆ ಮೂವತ್ತು ವರ್ಷ ಪಳಗಿದ ಕೈಗೆ ಟವೆಲ್ಲಿನ ಮರೆ ಸಿಕ್ಕರೆ ಅದು ಸುಮ್ಮನಿರುತ್ತದೆಯೇ? ಕೈ ಒಳಗೆ ಹೋಯಿತು. ಹೋದದ್ದು ಇನ್ನಷ್ಟು ಏರಿಸು ಎಂದು ಐದೂ ಬೆರಳಿಂದ ಮೊಬೈಲನ್ನು ಒತ್ತಿತು. ಒಳಗೆ ವ್ಯಾಪಾರ ನಡೆದಾಗ ಮೇಲೆ ಮಾತು ಬೇಕಲ್ಲ, ಅದೂ ರೂಢಿಯಂತೆ ಬಂತು.

“ನಿಮ್ಮ ಕಡಿ ಮಳಿ ಹ್ಯಾಂಗ ಅದರಿ?” ಎಂದು ತುಳಜಾರಾಮ ಟವೆಲ್ಲಿಗೆ ಕೇಳಿದ.

ಬೆರಳು ಯಾವುದಕ್ಕೆ ತಾಗಿತ್ತೋ, ಟವೆಲ್ಲಿನೊಳಗಿಂದ ಹೆಣ್ಣಿನ ದನಿಯೊಂದು ಸಾವಕಾಶವಾಗಿ ಹೇಳಿತು: “ಹುಮನಾಬಾದದಲ್ಲಿ ನಾಳೆ ಸಾಧಾರಣ ಮಳೆಯಾಗುವ ಸಾಧ್ಯತೆ ಇದೆ.”

ತುಳಜಾರಾಮನಿಗೆ ಮೈ ಜುಮ್ಮೆಂದಿತು. ಇದು ರೀತಿ ರಿವಾಜು ಬಲ್ಲ ಗಿರಾಕಿ. ಅವನು ಗೌರವದಿಂದ ಇನ್ನೊಮ್ಮೆ ಒತ್ತಿದ. ಮೊಬೈಲು ಗುರ್ರೆಂದು ನಡುಗಿತು. ಗಿರಾಕಿ ಅಂಜಿತು ಎಂದುಕೊಂಡು ಅಂಗೈ ಗೀರಿದ, ಹೆಬ್ಬೆರಳು ಊರಿದ. ಟಣ್ ಎಂದು ಗಂಟೆ ಬಾರಿಸಿತು. ಟವೆಲ್ ತೆಗೆದು ನೋಡಿದರೆ ಪರದೆಯ ತುಂಬ ಹೂವು ಸುರಿಯುತ್ತಿದ್ದವು. “ಅಭಿನಂದನೆಗಳು. ನಿಮ್ಮ ಪಶು ಮಾರಾಟವಾಗಿದೆ. ಕೊಂಡವರ ವಾಹನ ನಾಳೆ ಬರುತ್ತದೆ.”

ಕೇಶರಬಾಯಿ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬರುವಷ್ಟರಲ್ಲಿ ಸುದ್ದಿ ಅವಳನ್ನು ಎದುರುಗೊಳ್ಳಲು ಅರ್ಧ ದಾರಿ ಹೋಗಿತ್ತು. ಆ ಎಮ್ಮೆ ಅವಳದು. ಹುಟ್ಟಿದ ವಾರಕ್ಕೇ ತಾಯಿ ಸತ್ತ ಕರುವನ್ನು ಅವಳು ಬಟ್ಟೆ ಅದ್ದಿ ಹಾಲು ಕುಡಿಸಿ ಬದುಕಿಸಿದ್ದಳು. ಬಿಜಲಿ ಅವಳ ಕೈಗಲ್ಲದೆ ಬೇರೆಯವರ ಕೈಗೆ ಹಾಲು ಬಿಡುತ್ತಿರಲಿಲ್ಲ. ಒಮ್ಮೆ ತುಳಜಾರಾಮ ಹೆಂಡತಿಯ ಸೀರೆ ಉಟ್ಟು ಹಿಂಡಲು ಕುಳಿತು, ಕೊಟ್ಟಿಗೆಯ ಆಚೆ ಬಿದ್ದಿದ್ದ.

ಅವಳು ಹೊರೆ ಇಳಿಸಿ ಕೇಳಿದಳು: “ಯಾರನ್ನ ಕೇಳಿ ಮಾರಿದ್ರಿ?”

“ನಾ ಮಾರಿಲ್ಲ, ಅದಾ ಮಾರಾಟಾಗ್ಯದ” ಎಂದ ತುಳಜಾರಾಮ.

ಸತೀಶಕುಮಾರ ಓಡಿ ಬಂದ. “ಅಕ್ಕಾ, ಗಾಬರಿ ಆಗಬ್ಯಾಡ. ನಾಳಿ ಎಮ್ಮಿ ಗಾಡಿ ಹತ್ತೋತನಕ ಟೈಮ್ ಅದ. ಇಲ್ಲಿ ‘ರದ್ದು’ ಅಂತ ಅದ ನೋಡು, ಒಂದ್ ಸಲ ಒತ್ತಿದ್ರ ಮುಗೀತು. ಕಾರಣಾನೂ ಕೇಳಂಗಿಲ್ಲ.”

“ಒತ್ತು” ಎಂದಳು ಕೇಶರಬಾಯಿ.

ತುಳಜಾರಾಮ ಮೊಬೈಲನ್ನು ಎದೆಗೆ ಅವುಚಿಕೊಂಡ. “ಟಾವೆಲ್ ಹಾಕಿದ್ದೆ” ಎಂದ, ತಗ್ಗಿದ ದನಿಯಲ್ಲಿ. “ಬರೇ ಒತ್ತಿದ್ರ ಮಾತು ಬ್ಯಾರೆ. ಟಾವೆಲ್ ಹಾಕಿ ಒತ್ತೀನಿ. ಮಾತು ಆಡಿದರ ಹೋತು, ಮುತ್ತು ಒಡದರ ಹೋತು.”

ಅಂಗಳ ನ್ಯಾಯಾಲಯವಾಯಿತು. ಎದುರುಮನೆಯ ಧೂಳಮ್ಮ ಮೊದಲ ವಾದ ಮಂಡಿಸಿದಳು: “ಕೈ ಅಂದ್ರ ಐದು ಬೆರಳು ಇರ್ಬೇಕು. ಮೊಬೈಲಿಗಿ ಬೆರಳೆಲ್ಲದಾವು? ಇದು ವ್ಯಾಪಾರಲ್ಲ, ತುರಿಕಿ.” ಹಜಿರಾ ಬೀ ಅದಕ್ಕೆ ಒಪ್ಪಲಿಲ್ಲ. “ಅದು ಮಳಿದು ಹೇಳ್ತು, ನಾ ನನ್ನ ಕಿವೀಲೆ ಕೇಳೀನಿ. ಬಾತ್ ಮಾಡೋದು ಅಂದ ಮ್ಯಾಲೆ ಗಿರಾಕೀನೇ.” ಸತೀಶಕುಮಾರ ಅಂತರರಾಷ್ಟ್ರೀಯ ಒಪ್ಪಂದಗಳ ಕುರಿತು ಶುರು ಮಾಡಿದ. ಧೂಳಮ್ಮ ಅವನಿಗೆ ಕುಡಿಯಲು ನೀರು ಕೊಟ್ಟು ಕೂಡಿಸಿದಳು.

ಸರಿಯಾಗಿ ಆಗಲೇ, ಭಾನುವಾರವೆನ್ನದೆ ಕಾಲುಬಾಯಿ ರೋಗದ ಲಸಿಕೆ ಹಾಕುತ್ತ ಪಶು ಇಲಾಖೆಯ ಅನೀಲಕುಮಾರ ಬಂದರು. ಸರ್ಕಾರವೇ ಬಂತೆಂದು ಎಲ್ಲರೂ ಅವರನ್ನು ಮುತ್ತಿದರು. ಅವರು ಬಿಜಲಿಯ ಕಿವಿಯ ಬಿಲ್ಲೆಯ ನಂಬರು ನೋಡಿ, ತಮ್ಮ ಮೊಬೈಲಿನಲ್ಲಿ ಹುಡುಕಿ, “ಎಮ್ಮಿ ಕೇಶರಬಾಯಿ ಅವರ ಹೆಸರಿಲೆ ಅದರಿ” ಎಂದರು.

“ಹಂಗಾರ ಇವರಿಗಿ ಮಾರೋ ಹಕ್ಕಿಲ್ಲಲ್ರಿ ಸಾಹೇಬ್ರೆ?” ಎಂದಳು ಧೂಳಮ್ಮ.

“ಹಕ್ಕಿಲ್ಲ. ಆದ್ರ ಟಾವೆಲ್ ಹಾಕಿದ್ರಂತಲ್ಲ?” ಅನೀಲಕುಮಾರ ಗಲ್ಲ ಕೆರೆದುಕೊಂಡರು. “ಟಾವೆಲ್ ಬಗ್ಗೆ ನಮಗ ಯಾವ ಸುತ್ತೋಲೆನೂ ಬಂದಿಲ್ಲ. ಮ್ಯಾಲಿನವರಿಗಿ ಕೇಳಿ ತಿಳಸ್ತೀನಿ.” ಅವರು ಎಮ್ಮೆಗೆ ಸೂಜಿ ಚುಚ್ಚಿ ಮುಂದಿನ ಮನೆಗೆ ಹೋದರು.

ತುಳಜಾರಾಮನ ಮನಸ್ಸು ಆಗ ಸ್ವಲ್ಪ ಮೆತ್ತಗಾಗಿದ್ದುದು ನಿಜ. ಹೆಂಡತಿಯ ಕಡೆ ಒಮ್ಮೆ, ಎಮ್ಮೆಯ ಕಡೆ ಒಮ್ಮೆ ನೋಡಿ ಮೊಬೈಲನ್ನು ಎದೆಯಿಂದ ಇಳಿಸಿದ್ದ. ಆದರೆ ಅದೇ ಮೊಬೈಲಿಗೆ ಬೇಮಳಖೇಡದಿಂದ ಧನರಾಜನ ಫೋನು ಬಂತು.

“ತುಳಜಾರಾಮಣ್ಣ, ಏನೋ ಸುದ್ದಿ ಕೇಳೀನಿ. ನೀ ಮಾತು ತಿರುಗಿಸ್ತಿ ಅಂದ್ರ ನನಗ ಬ್ಯಾಸರಿಲ್ಲ. ಆದ್ರ ಇರುವಿ ಕಚ್ಚಿದ್ದಕ್ಕ ನಾ ಕುಂಟ ಎತ್ತು ಹೊಡಕೊಂಡು ಬಂದೀನಿ, ನೆನಪದ ಇಲ್ಲ? ನಾಳಿ ಅದನ್ನ ನಿನ್ನ ಬಾಗಲಿಗಿ ತಂದು ಕಟ್ತೀನಿ. ಅದೀಗ ಎರಡು ಕಾಲಿಲೆ ಕುಂಟಾಕತ್ತದ.”

ಮೊಬೈಲು ಮತ್ತೆ ಎದೆಗೇರಿತು. ಮೈದುನನ ಮೊಬೈಲಿಗೂ ಭಾವನ ಟವೆಲ್ಲಿಗೂ ನಡುವಿನ ಜಂಬದಲ್ಲಿ ಬಲಿಯಾದದ್ದು ಬಿಜಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕೇಶರಬಾಯಿ ಗಂಡನೊಂದಿಗೆ ಮಾತು ನಿಲ್ಲಿಸಿದಳು. ಎಮ್ಮೆಯೊಂದಿಗೆ ಮಾತ್ರ ಮಾತಾಡಿದಳು, ಅದೂ ಅವನಿಗೆ ಕೇಳಿಸುವಷ್ಟು ಜೋರಾಗಿ. “ಬಿಜಲಿ, ನಾಳಿ ಹೋಗ್ತಿ ನೋಡವ್ವ. ನೀ ಮಾತಿನ ಮಂದಿ ಮನ್ಯಾಗ ಹುಟ್ಟಬಾರದಿತ್ತು.” ಹಾಗೆನ್ನುವಾಗ ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದ ತುಳಜಾರಾಮನಿಗೂ ದುಃಖ ಉಕ್ಕಿ ಬಂತು. ಆದರೂ ಅವನು ಒತ್ತಲಿಲ್ಲ. ಕಸುಬೇ ಹೋಗುತ್ತಿರುವವನ ಹತ್ತಿರ ಉಳಿದದ್ದು ಮಾತೊಂದೇ. ಅದನ್ನೂ ಕೊಟ್ಟುಬಿಟ್ಟರೆ ನಾಳೆ ಸಂತೆಗೆ ಯಾವ ಮುಖ ಹೊತ್ತು ಹೋಗಬೇಕು?

ಮರುದಿನ ಬೆಳಗ್ಗೆ ಹತ್ತಕ್ಕೆ ಟೆಂಪೊ ಬಂತು. ಹಿಂದೆ ಹುಲ್ಲು ಹಾಸಿತ್ತು. ಮುಂದಿನಿಂದ ಇಳಿದವಳು ಮೂವತ್ತರ ಒಳಗಿನ ಹೆಣ್ಣುಮಗಳು. ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಮೊಬೈಲು. “ನಮಸ್ಕಾರ್ರಿ ಕಾಕಾ. ನಾನೇ ಶೀತಲ್” ಎಂದಳು. ಊರೆಲ್ಲ ಅಂಗಳದಲ್ಲಿತ್ತು. ಸತೀಶಕುಮಾರ ಕಾಲೇಜಿಗೆ ರಜೆ ಹಾಕಿ ಬಂದಿದ್ದ. ಜಗತ್ತು ಬದಲಾಗುವುದನ್ನು ಕಣ್ಣಾರೆ ನೋಡುವ ಅವಕಾಶ ದಿನಾಲೂ ಸಿಗುವುದಿಲ್ಲ.

ತುಳಜಾರಾಮ ಬಿಜಲಿಯ ಹಗ್ಗ ಬಿಚ್ಚಿ ತಂದ. ಹಗ್ಗ ಕೊಡುವ ಮೊದಲು ದಲಾಲನ ಧರ್ಮ ಅವನನ್ನು ತಡೆಯಿತು.

“ನೋಡವ್ವ, ಆ ಮಷಿನ್ ಇದಕ್ಕ ಮೂರು ವರ್ಷ ಅಂದದ. ಸುಳ್ಳು. ಎಂಟು ಮುಗದು ಒಂಬತ್ತರಾಗ ಬಿದ್ದದ, ನಾಕನೇ ಸೂಲು, ನಾಕು ಕರ ಹಾಕ್ಯದ.” ಅವನು ಎಮ್ಮೆಯ ತುಟಿ ಎತ್ತಿ ಹಲ್ಲು ತೋರಿಸಿದ, ಕೆಚ್ಚಲು ಮುಟ್ಟಿ ಹೇಳಿದ: “ಹಿಂದಿನ ಬಲ ಮೊಲಿ ಸಣ್ಣದು, ಹಾಲು ಮಾತ್ರ ಅದರಾಗೇ ಜಾಸ್ತಿ. ಹೊಸಬರು ಮುಟ್ಟಿದ್ರ ಒದೀತದ. ಎಡಗಾಲಿಲೆ ಒದೀತದ, ಬಲಗಡಿ ಕುಂದ್ರು.” ಕಡೆಯ ಮಾತು ಹೇಳುವಾಗ ಅವನ ದನಿ ಒಡೆಯಿತು.

ಶೀತಲ್ ಅವನನ್ನೇ ನೋಡುತ್ತ ನಿಂತಳು. “ಇಷ್ಟೆಲ್ಲ ಬರೇ ಮುಟ್ಟಿ ಹ್ಯಾಂಗ ಹೇಳ್ತೀರಿ ಕಾಕಾ?” ಎಂದು ಕೇಳಿ, ತನ್ನ ಪಾಡು ತೋಡಿಕೊಂಡಳು. “ಹೋದ ವರ್ಷ ಈ ಮೊಬೈಲಿನ್ಯಾಗ ನೋಡಿ ಹನ್ನೊಂದು ಎಮ್ಮಿ ತೊಗೊಂಡೆ. ಐದು ಒದೀತಾವ. ಎರಡು ಹಾಲೇ ಕೊಡಂಗಿಲ್ಲ. ಒಂದಂತೂ ಮನಿಗಿ ಬಂದ ಮ್ಯಾಲೆ ನೋಡಿದ್ರ ಕೋಣ.”

“ಕೋಣ ಗೊತ್ತಾಗಲಿಲ್ಲೇನವ್ವ?” ಎಂದಳು ಧೂಳಮ್ಮ.

“ಫೋಟೋದಾಗ ಅದು ಕುಂತಿತ್ರಿ.”

ಅಂಗಳವೆಲ್ಲ ನಕ್ಕಿತು. ನಗದೆ ನಿಂತಿದ್ದವಳು ಕೇಶರಬಾಯಿ ಒಬ್ಬಳೇ. ಅವಳು ಶೀತಲ್‌ಳ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಆಮೇಲೆ ಸೀದಾ ಬಂದು ಗಂಡನ ಹೆಗಲ ಮೇಲಿನ ಟವೆಲ್ ಎಳೆದುಕೊಂಡು, “ಬರ್ರಿ ಬಾಯಿ, ಇಲ್ಲಿ ಕೈ ತರ್ರಿ” ಎಂದಳು.

ನಮ್ಮ ಕಡೆ ಹೆಂಗಸರು ಟವೆಲ್ಲಿನಡಿ ಕೈ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಧೂಳಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಶೀತಲ್ ಮಾತ್ರ ಅಪ್ಪನ ಹಿಂದೆ ಹುಮನಾಬಾದ ಸಂತೆ ತಿರುಗಿ ಬೆಳೆದವಳು. ಒಂದು ಮಾತೂ ಕೇಳದೆ ಕೈ ಒಳಗೆ ಹಾಕಿದಳು. ಕೇಶರಬಾಯಿಗೆ ಬೆರಳ ಲೆಕ್ಕ ಯಾರು ಕಲಿಸಿದರೆಂದು ಜನ ಈಗಲೂ ಕೇಳುತ್ತಾರೆ. ತುಳಜಾರಾಮ ಮೂವತ್ತು ವರ್ಷ ನಿದ್ದೆಗಣ್ಣಲ್ಲಿ ಅವಳ ಬೆರಳು ಹಿಡಿದು ಎತ್ತು ಮಾರುತ್ತಿದ್ದನಂತೆ.

“ನಿಮ್ಮ ಕಡಿ ಮಳಿ ಹ್ಯಾಂಗದ?” ಎಂದಳು ಕೇಶರಬಾಯಿ.

“ಚಲೋ ಅದರಿ ಕಾಕೂ. ತೊಗರಿ ಎದ್ದದ” ಎಂದಳು ಶೀತಲ್.

“ಮನ್ಯಾಗ ಅವ್ವ ಆರಾಮ?”

“ಆರಾಮ್ರಿ. ಮೊಣಕಾಲು ಒಂದು ನೋಯ್ತದ.”

ತುಳಜಾರಾಮ ಜೀವಮಾನದಲ್ಲಿ ಮೊದಲ ಸಲ ಟವೆಲ್ಲಿನ ಹೊರಗೆ ನಿಂತಿದ್ದ. ಬೆರಳು ಕಾಣದೆ ಮೊಣಕೈ ನೋಡಿದ. ಮೊಣಕೈಯಿಂದ ಏನೂ ತಿಳಿಯಲಿಲ್ಲ. ಒಳಗೆ ಒಮ್ಮೆ ಜಗ್ಗಾಟವಾಯಿತು. ಕೇಶರಬಾಯಿ ಗಂಡನ ಕಡೆ ಕಣ್ಣು ಹೊರಳಿಸಿದಳು, ಶೀತಲ್ ಹುಬ್ಬೇರಿಸಿದಳು. ಕೇಶರಬಾಯಿ ಮೊಣಕಾಲಿಗೆ ಎಕ್ಕದ ಎಲೆ ಕಾಯಿಸಿ ಕಟ್ಟಬೇಕೆಂದು ಹೇಳುತ್ತಲೇ ಇದ್ದಳು. ಮತ್ತೆ ಜಗ್ಗಾಟ, ಮತ್ತೆ ಎಕ್ಕದ ಎಲೆ. ಕಡೆಗೆ ಇಬ್ಬರ ಮುಖವೂ ಸಡಿಲಾಯಿತು. ಟವೆಲ್ ಸರಿಯಿತು. ಶೀತಲ್ ತನ್ನ ಮೊಬೈಲು ತೆಗೆದು, ಎಲ್ಲರಿಗೂ ಕಾಣುವಂತೆ ‘ರದ್ದು’ ಒತ್ತಿದಳು.

“ಅದ್ಹ್ಯಾಂಗ ಆಗ್ತದ? ಟಾವೆಲ್ ಮಾತು” ಎಂದು ತುಳಜಾರಾಮ ಮುಂದೆ ಬಂದ.

“ನೀವು ತಿರುಗಿಸಿಲ್ಲಲ್ಲ” ಎಂದಳು ಕೇಶರಬಾಯಿ, ಒಂದು ದಿನದ ಮೇಲೆ ಮೊದಲ ಬಾರಿ ಗಂಡನೊಂದಿಗೆ ಮಾತಾಡುತ್ತ. “ಕೊಂಡವರೇ ಎಮ್ಮಿ ಬ್ಯಾಡ ಅಂದಾರ. ಬದಲಿ ತೊಗೊಂಡಾರ.”

“ಬದಲಿ ಏನು ಕೊಟ್ಟಿ?”

“ನಿಮ್ಮನ್ನ.”

ಶೀತಲ್ ಬಿಡಿಸಿ ಹೇಳಿದಳು. ವಾರಕ್ಕೆ ಮೂರು ದಿನ ಹುಮನಾಬಾದಕ್ಕೆ ಬರಬೇಕು. ಮೊಬೈಲು ತೋರಿಸಿದ ದನವನ್ನು ಕಾಕಾ ಹೋಗಿ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಹೌದು ಅಥವಾ ಅಲ್ಲ ಎನ್ನಬೇಕು. ಅವರು ಹೌದೆಂದ ಮೇಲೇ ತಾನು ಒಪ್ಪಿಗೆ ಒತ್ತುವುದು. “ನೀವು ಇದ್ದಿದ್ರ ನನಗ ಆ ಕೋಣ ತಪ್ಪುತ್ತಿತ್ತು ಕಾಕಾ” ಎಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

“ನನ್ನನ್ನ ಒಂದ್ ಮಾತು ಕೇಳ್ಬಾರದೇನು?” ತುಳಜಾರಾಮ ಹೆಂಡತಿಯ ಮೇಲೆ ರೇಗಿದ.

“ನೀವು ಬಿಜಲಿನ್ನ ಕೇಳಿದ್ರೇನು?”

ತುಳಜಾರಾಮ ಮೈದುನನ ಕಡೆ ನೋಡಿದ. ಸತೀಶಕುಮಾರ ಪುಸ್ತಕದಲ್ಲಿ ನೋಡಿ ಹೇಳುವುದಾಗಿ ಹೇಳಿದ.

“ಎಷ್ಟಕ್ಕ ಕೊಟ್ಟಿ?” ಎಂದು ತುಳಜಾರಾಮ ದನಿ ತಗ್ಗಿಸಿ ಕೇಳಿದ.

“ಟಾವೆಲ್ ತೆಗದ ಮ್ಯಾಲೆ ಅದೆಲ್ಲ ಕೇಳಂಗಿಲ್ಲ. ಬುತ್ತಿ ಕಟ್ಟೀನಿ, ಹೋಗ್ರಿ” ಎಂದು ಕೇಶರಬಾಯಿ ಬಿಜಲಿಯನ್ನು ಕರೆದುಕೊಂಡು ಕೊಟ್ಟಿಗೆಗೆ ಹೋದಳು.

ಹಿಂದೆ ಹತ್ತಿಸಬೇಕೋ ಮುಂದೆ ಕೂಡಿಸಬೇಕೋ ಎಂದು ಡ್ರೈವರ್ ಕೇಳಿದ. ತುಳಜಾರಾಮ ಮುಂದೆ ಕುಳಿತ. ಊರು ದಾಟುವವರೆಗೆ ಯಾರ ಮುಖವನ್ನೂ ನೋಡಲಿಲ್ಲ. ಮಾರಾಟವಾದವರಿಗೆ ಎಷ್ಟು ನಾಚಿಕೆಯಾಗುತ್ತದೆಂದು ಮೂವತ್ತು ವರ್ಷದಲ್ಲಿ ಅವನು ಯೋಚಿಸಿರಲಿಲ್ಲ. ಬಸವಕಲ್ಯಾಣ ಹಿಂದೆ ಬಿತ್ತು, ಹೆದ್ದಾರಿ ಬಂತು. ಬುತ್ತಿಯ ಗಂಟು ತೊಡೆಯ ಮೇಲೆ ಬೆಚ್ಚಗಿತ್ತು. ಅವನು ಪಕ್ಕದಲ್ಲಿದ್ದ ಶೀತಲ್ ಕಡೆ ತಿರುಗಿದ.

“ನೋಡವ್ವ, ದರ ನಾ ಕೇಳಂಗಿಲ್ಲ. ಕೇಳಬಾರದು. ಒಂದೇ ಮಾತು ಹೇಳು. ನೀ ಮೊದಲ ಹೇಳಿದ ದರಕ್ಕ ಆಕಿ ಹೂಂ ಅಂದಳೇನು?”

ಶೀತಲ್ ನಕ್ಕಳು. “ಎಲ್ಲಿ ಹೂಂ ಅಂತಾರ್ರಿ ಕಾಕಾ. ಮೂರು ಸಲ ಏರಿಸಿದ್ರು. ನನ್ನ ಬೆರಳು ಇನ್ನಾ ನೋಯಾಕತ್ತದ.”

ಹುಮನಾಬಾದ ಬರುವವರೆಗೂ ತುಳಜಾರಾಮ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದ.